ಕಾಕುವಿನ ಡಬ್ಬಿಯಲ್ಲಿದ್ದ ಲಕೋಟೆ

ನಮ್ಮ ಪಕ್ಕದ ಮನೆಯ ಕಾಕು ತೀರಿಕೊಂಡ ಮರುದಿನ ಮರಣದ ದಾಖಲೆ ಬರೆಸಲು ಹೋದವಳು ನಾನು. ಗುಮಾಸ್ತ ತಲೆ ಎತ್ತದೆ, "ಆಧಾರ್ ಝೆರಾಕ್ಸ್ ದೋನ್ ಪ್ರತಿ ಕೊಡ್ರಿ ಬಾಯಿ" ಎಂದ. ಒಂದು ದಾಖಲೆಗೆ ಆಯಿತು, ಇನ್ನೊಂದು ಯಾತಕ್ಕೆ ಎಂದು ಕೇಳಿದೆ. "ಇರಲಿ, ಯಾವಾಗರ ಬೇಕಾಗ್ತದ" ಎಂದ. "ಸತ್ತವರ ಕಾಗದ ಯಾವಾಗರ ಯಾರಿಗಿ ಬೇಕಾಗ್ತದ್ರೀ? ಯಾರಿಗಿ ಅಂತ ಹೇಳ್ರಿ, ಕೊಡ್ತೀನಿ" ಎಂದೆ. ಅವನು ಆಗ ತಲೆ ಎತ್ತಿ ನನ್ನನ್ನು ನೋಡಿದ, ಒಂದೇ ಪ್ರತಿ ಇಸಿದುಕೊಂಡ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ನನಗೆ ಅಳು ಬಂತು. ಆ ಮಾತು ನನ್ನದಾಗಿರಲಿಲ್ಲ, ಕಾಕುವಿನದಾಗಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದರೆ ಅವರೇ ಬರೆಯಗೊಡುತ್ತಿರಲಿಲ್ಲ.

ಮಹಾರಾಷ್ಟ್ರದ ಗಡಿಯ ಉಮರ್ಗಾದಲ್ಲಿ ನಮ್ಮದು ಬಟ್ಟೆ ಅಂಗಡಿ. ಹೈದರಾಬಾದ್ ರಸ್ತೆಯಿಂದ ಒಳಗೆ ತಿರುಗಿದರೆ ಎರಡನೇ ಗಲ್ಲಿ. ಅಂಗಡಿ ಮುಂದೆ, ಮನೆ ಹಿಂದೆ, ಮನೆಯ ಗೋಡೆಗೆ ಗೋಡೆ ಹಚ್ಚಿ ಕಾಕುವಿನ ಮನೆ. ಗಲ್ಲಿಯ ಮುದುಕರಿಗೂ ಮಕ್ಕಳಿಗೂ ಅವರು ಕಾಕುವೇ, ಅಂದರೆ ಚಿಕ್ಕಮ್ಮ. ಕೆಳಗೆ ತಾವೊಬ್ಬರೇ ಇದ್ದುಕೊಂಡು ಮೇಲಿನ ಎರಡು ಕೋಣೆಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದ್ದರು. ಸೂಟಿಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ತುಳಜಾಪುರಕ್ಕೋ ನಳದುರ್ಗದ ಕೋಟೆಗೋ ಹೊರಟವರು ಎರಡು ದಿನ ಉಳಿಯುತ್ತಿದ್ದರು. ಮದುವೆಗೆ ಬಂದವರು, ಕೋರ್ಟಿನ ಕೆಲಸಕ್ಕೆ ಬಂದವರೂ ಇರುತ್ತಿದ್ದರು. ಫೋನಿನಲ್ಲಿ ಆ ಕೋಣೆಗಳ ಫೋಟೋ ಹಾಕಿದವಳು ನಾನು. ಕಾಕುವಿನ ಹತ್ತಿರ ಆಗ ಗುಂಡಿ ಒತ್ತುವ ಸಣ್ಣ ಫೋನಿತ್ತು, ಅದಕ್ಕೆ ನನ್ನ ನಂಬರನ್ನೇ ಕೊಟ್ಟಿದ್ದೆವು.

ಕೋಣೆಗಳ ಮೇಲೆ ತಗಡಿನ ಛಾವಣಿ. ಸ್ಲ್ಯಾಬ್ ಹಾಕಿಸಿ ಎಂದು ಎಷ್ಟು ಜನ ಹೇಳಿದರೂ ಅವರು ಕೇಳಲಿಲ್ಲ. ಹೆದ್ದಾರಿಯಲ್ಲಿ ದೊಡ್ಡ ಟ್ರಕ್ ಹೋಗಿ ಪಾತ್ರೆಗಳು ಗಿಲಿಗಿಲಿ ಎಂದರೆ, ಮಾತಾಡುತ್ತಿದ್ದ ಕಾಕು ಮಾತು ನಿಲ್ಲಿಸಿ ಅಂಗೈಯನ್ನು ಗೋಡೆಗೆ ಹಚ್ಚುತ್ತಿದ್ದರು. ಸ್ವಲ್ಪ ಹೊತ್ತು ಹಾಗೇ ಇರುತ್ತಿದ್ದರು. ಆಮೇಲೆ "ಟ್ರಕ್" ಎಂದು ಕೈ ತೆಗೆದು, ಬಿಟ್ಟಲ್ಲಿಂದ ಮಾತು ಮುಂದುವರಿಸುತ್ತಿದ್ದರು. ಅವರ ಊರು ಲೋಹಾರಾ ಕಡೆಯ ಒಂದು ಹಳ್ಳಿ. ತೊಂಬತ್ತಮೂರರ ಭೂಕಂಪದಲ್ಲಿ ಗಂಡನೂ ಅತ್ತೆಯೂ ಮಲಗಿದ್ದ ಮನೆಯ ಕಲ್ಲಿನ ಕೆಳಗೆ ಹೋದರು. ಕಾಕು ಅಂಗಳದಲ್ಲಿ ಮಲಗಿದ್ದರಂತೆ, ಉಳಿದರು.

ಆ ಸಾವುಗಳ ಬಗ್ಗೆ ಅವರು ಮಾತಾಡಿದ್ದು ನಾನು ಕೇಳಿದ್ದು ಕಡಿಮೆ. ಅವರು ಹೇಳುತ್ತಿದ್ದುದು ಅದರ ನಂತರದ ಮಾತನ್ನು. ಊರೆಲ್ಲ ತಗಡಿನ ಶೆಡ್ಡುಗಳಲ್ಲಿದ್ದಾಗ, ಹೊಸ ಮನೆಗೆ ಅರ್ಜಿ ತುಂಬಿಸಿಕೊಡುತ್ತೇನೆಂದು ಅವರದೇ ಊರಿನವನೊಬ್ಬ ಎಲ್ಲರ ರೇಷನ್ ಕಾರ್ಡು ಇಸಿದುಕೊಂಡ. ಮನೆಗಳ ಪಟ್ಟಿ ಹಚ್ಚಿದಾಗ ಕಾಕುವಿನ ಕಾರ್ಡಿನ ನಂಬರಿನ ಮುಂದೆ ಅವನ ತಮ್ಮನ ಹೆಸರಿತ್ತು. ತನ್ನ ಮನೆ ತನ್ನದು ಎಂದು ಬರೆಸಿಕೊಳ್ಳಲು ಅವರು ನಾಲ್ಕು ವರ್ಷ ತಿರುಗಿದರು.

"ಅಂವಾ ಕಳ್ಳ ಇದ್ದಿಲ್ಲ ತಂಗಿ" ಎನ್ನುತ್ತಿದ್ದರು. "ನಮ್ಮ ಮನ್ಯಾಗ ಉಂಡಾಂವಾ. ನನ್ನ ಗಂಡನ ಮಣ್ಣಿಗಿ ಹೆಗಲು ಕೊಟ್ಟಾಂವಾ. ಆದ್ರ ಊರ ಮಂದಿ ಕಾಗದೆಲ್ಲಾ ಒಬ್ಬನ ಕೈಯಾಗ ಬಂದು ಬಿತ್ತಲ್ಲಾ, ಅಂವಾ ಬ್ಯಾರೇನೇ ಆಗಿಬಿಟ್ಟ."

ಇಷ್ಟು ಹೇಳಿದರೆ ಲಕೋಟೆಯ ವಿಷಯ ತಿಳಿಯುತ್ತದೆ. ಕೋಣೆ ಹಿಡಿಯುವವರ ಗುರುತಿನ ಕಾಗದವನ್ನು ಇಟ್ಟುಕೊಳ್ಳಲೇಬೇಕು, ಪೊಲೀಸರು ಯಾವಾಗ ಬೇಕಾದರೂ ಕೇಳಬಹುದು. ಕಾಕು ಅದಕ್ಕೊಂದು ರೀತಿ ಮಾಡಿಕೊಂಡಿದ್ದರು. ಹಳೆಯ ಲಗ್ನಪತ್ರಿಕೆಗಳ ಲಕೋಟೆಗಳನ್ನು ಬಿಚ್ಚಿ, ಒಳಮೈ ಹೊರಗೆ ಮಾಡಿ, ಮತ್ತೆ ಅಂಟಿಸಿ ಇಟ್ಟಿರುತ್ತಿದ್ದರು. ಬಂದವರು ಕಾರ್ಡು ತೋರಿಸಬೇಕು. ಕಾಕು ಮುಖವನ್ನೂ ಕಾರ್ಡಿನ ಮುಖವನ್ನೂ ನೋಡುತ್ತಿದ್ದರು, ವಿಳಾಸದ ಮೇಲೆ ಮಾತ್ರ ಹೆಬ್ಬೆರಳು ಇಟ್ಟಿರುತ್ತಿದ್ದರು. ರಜಿಸ್ಟರಿನಲ್ಲಿ ಬಂದವರೇ ಹೆಸರು ಬರೆಯಬೇಕು. ಝೆರಾಕ್ಸನ್ನು ಅವರೇ ಲಕೋಟೆಗೆ ಹಾಕಿ, ಮೈದಾಹಿಟ್ಟಿನ ಅಂಟು ಹಚ್ಚಿ, ಅಂಟಿನ ಮೇಲೆ ಸಹಿ ಮಾಡಬೇಕು. ಲಕೋಟೆ ಒಂದು ಬಿಸ್ಕಿಟ್ ಡಬ್ಬಿಗೆ ಹೋಗುತ್ತಿತ್ತು. ಹೊರಡುವ ದಿನ ಸಹಿ ಮುರಿಯದ ಲಕೋಟೆಯನ್ನು ಕೈಗೆ ಕೊಟ್ಟು, "ಹರದು ಹೋಗ್ರಿ" ಎನ್ನುತ್ತಿದ್ದರು.

ಪುಣೆಯ ಒಬ್ಬ ದಪ್ಪ ಮನುಷ್ಯ ಇದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ನಾನು ದೊಡ್ಡ ದೊಡ್ಡ ಹೋಟೆಲಿನಲ್ಲಿ ಇಳಿದಿದ್ದೇನೆ, ಎಲ್ಲೂ ಹಿಂಗಿಲ್ಲ ಅಂದ. "ಅಲ್ಲಿ ಕೊಟ್ಟ ಕಾಗದ ಈಗ ಎಲ್ಲೆಲ್ಲಿ ಅದಾವ, ಗೊತ್ತದೇನ್ರಿ ನಿಮಗ?" ಎಂದು ಕಾಕು ಕೇಳಿದರು. ಹೋಗುವಾಗ ಅವನ ಹೆಂಡತಿ ಎರಡು ಖಾಲಿ ಲಕೋಟೆ ಕೇಳಿ ತೆಗೆದುಕೊಂಡು ಹೋದಳು. ಚಹಾದ ನೆಪದಲ್ಲಿ ಬಂದು ಮೇಲೆ ಯಾರಿದ್ದಾರೆ ಎಂದು ವಿಚಾರಿಸುತ್ತಿದ್ದ ಒಬ್ಬ ಹವಾಲ್ದಾರನಿಗೆ ಕಾಕು ಚಹಾ ಕೊಡುತ್ತಿದ್ದರು, ರಜಿಸ್ಟರ್ ತೋರಿಸುತ್ತಿದ್ದರು. ಡಬ್ಬಿಗೆ ಕೈ ಚಾಚಿದರೆ, "ಅದಕ್ಕ ಸಾಹೇಬರ ಚೀಟಿ ಬೇಕಲ್ರೀ" ಎನ್ನುತ್ತಿದ್ದರು. ಅವನು ಬೇಸರ ಮಾಡಿಕೊಳ್ಳದೆ ಮುಂದಿನ ವಾರವೂ ಚಹಾಕ್ಕೆ ಬರುತ್ತಿದ್ದ.

ಇನ್ನು ನನ್ನ ವಿಷಯ. ನಾನು ಬಸವಕಲ್ಯಾಣದಿಂದ ಮದುವೆಯಾಗಿ ಬಂದವಳು. ಇಷ್ಟು ವರ್ಷವಾದರೂ ಗಲ್ಲಿಗೆ ನಾನು ಕಲ್ಯಾಣದಾಕಿ, ನನಗೊಂದು ಹೆಸರಿದೆ ಎಂಬುದು ಜನಕ್ಕೆ ಮರೆತೇ ಹೋಗಿದೆ. ನಮ್ಮ ಕಡೆ ಹಾಗೇ. ಹೊಸ ಮುಖ ಕಂಡರೆ ನೀರು ಕೊಡುತ್ತ ಊರು ಕೇಳುತ್ತೇವೆ, ಲೋಟ ಇಸಿದುಕೊಳ್ಳುತ್ತ ಮನೆತನ ಕೇಳುತ್ತೇವೆ, ಚಹಾ ಬರುವಷ್ಟರಲ್ಲಿ ಯಾವುದಾದರೂ ಮದುವೆಯ ದಾರಿಯಲ್ಲಿ ಅವರನ್ನು ನಮ್ಮ ಸಂಬಂಧಿಕರನ್ನಾಗಿ ಮಾಡಿಬಿಟ್ಟಿರುತ್ತೇವೆ. ಅಂಗಡಿಯಲ್ಲಿ ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಬೀದರ್, ಭಾಲ್ಕಿ, ನಿಲಂಗಾ, ಉದಗೀರ, ಎಲ್ಲಿಯ ಗಿರಾಕಿ ಬಂದರೂ ಅವರ ಅತ್ತೆಯ ತವರನ್ನು ಹುಡುಕಿಕೊಡುತ್ತಿದ್ದೆ. ಅದನ್ನು ನಾನು ಪ್ರೀತಿ ಎಂದೇ ತಿಳಿದಿದ್ದೆ. ಕಾಕು ಮಾತ್ರ ಯಾರನ್ನೂ ಊರು ಕೇಳುತ್ತಿರಲಿಲ್ಲ. ಅದು ನನಗೆ ಒಣ ಸ್ವಭಾವವಾಗಿ ಕಾಣುತ್ತಿತ್ತು.

ಒಂದು ಸೋಮವಾರ ಮಧ್ಯಾಹ್ನ ಮೂರು ದಿನಕ್ಕೆ ಒಂದು ಕೋಣೆ ಬೇಕೆಂದು ಸಂದೇಶ ಬಂತು, ಹಿಂದೆಯೇ ಆಧಾರ್ ಕಾರ್ಡಿನ ಫೋಟೋ, ಎರಡೂ ಬದಿ. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ. ಹೀಗೆ ಬಂದ ಫೋಟೋದಿಂದ ಒಂದು ಝೆರಾಕ್ಸ್ ತೆಗೆಸಿ ಕಾಕುವಿಗೆ ಕೊಟ್ಟು, ಬಂದವರ ಕಣ್ಣೆದುರಿಗೇ ನನ್ನ ಫೋನಿನಿಂದ ಅದನ್ನು ಅಳಿಸಬೇಕು ಎಂಬುದು ಕಾಕು ಹಾಕಿದ ಷರತ್ತು. ಆ ದಿನ ಹುಡುಗಿ ನಿಲಂಗಾ ಬಸ್ಸಿನಿಂದ ಇಳಿದು ಬಂದಾಗ ನಾನು ಅಂಗಡಿಯಲ್ಲಿ ಗಿರಾಕಿಗಳ ನಡುವೆ ಇದ್ದೆ. ಝೆರಾಕ್ಸನ್ನು ಕಳಿಸಿಕೊಟ್ಟೆ, ಫೋಟೋ ನನ್ನಲ್ಲೇ ಉಳಿಯಿತು.

ಸಂಜೆ ಪುರುಸೊತ್ತಾದಾಗ ನೋಡಿದೆ. ವಿಳಾಸದಲ್ಲಿ ಗಂಡನ ಹೆಸರು, ಉದಗೀರದ ಗಲ್ಲಿ. ಆ ಗಲ್ಲಿಯಲ್ಲೇ ನನ್ನ ಚಿಗವ್ವನ ಮಗಳನ್ನು ಕೊಟ್ಟಿದೆ. ನನ್ನ ಸಂತೋಷ ಏನು ಹೇಳಲಿ. ಆ ಫೋಟೋವನ್ನು ತಂಗಿಗೆ ಕಳಿಸಿ, ಫೋನೂ ಮಾಡಿದೆ. "ನಿಮ್ಮ ಗಲ್ಲಿಯಾಕಿ ಬಂದಾಳ ನೋಡು, ನಮ್ಮ ಕಾಕುನ ಮನ್ಯಾಗ ಇಳದಾಳ. ಯಾರ ಪೈಕಿ?"

ತಂಗಿ ಫೋಟೋ ತೆರೆದು ನೋಡಿದಳು. "ಅಯ್ಯ, ನಮ್ಮ ಹಿಂದಿನ ಮನಿ ಸೊಸಿ ಅಲ್ಲೇನ ಈಕಿ. ಮನಿ ಮಂದಿ ಎಲ್ಲಾ ಕಡಿ ಹುಡುಕ್ಲಿಕತ್ತಾರ. ಬಾಳ ಛಲೋ ಆಯ್ತು ತಗೊ, ನಾ ಈಗೇ ಹೋಗಿ ಹೇಳ್ತೀನಿ."

"ಹುಡುಕ್ಲಿಕತ್ತಾರ ಅಂದ್ರ?" ಎಂದು ಕೇಳುವಷ್ಟರಲ್ಲಿ ಫೋನು ಇಟ್ಟಿದ್ದಳು. ತಿರುಗಿ ಮಾಡಿದರೆ ಎತ್ತಲಿಲ್ಲ. ಅವಳ ಹೊಟ್ಟೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಇಂದಿಗೂ ಹಾಗೇ ಹೇಳುತ್ತೇನೆ. ನನ್ನ ಹೊಟ್ಟೆಯಲ್ಲೂ ಇರಲಿಲ್ಲ.

ನಂತರ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಹುಡುಗಿಯನ್ನು ಆ ಮನೆಯಲ್ಲಿ ಹೊಡೆದು ಎಡಗೈಯ ಮಣಿಕಟ್ಟು ಮುರಿದಿದ್ದರು. ಅವಳು ಉಮರ್ಗಾದ ಸೋದರಮಾವನ ಮನೆಗೆ ಬಂದು ಇಲ್ಲಿಯೇ ಕೇಸು ಹಾಕಿದಳು. ಸೋದರಮಾವ ಎರಡು ತಿಂಗಳು ಇಟ್ಟುಕೊಂಡು, ಗಂಡನ ಕಡೆಯವರ ಕಾಟಕ್ಕೆ ಹೆದರಿ, ಇನ್ನು ಬರಬೇಡ ಎಂದ. ಅವಳು ನಿಲಂಗಾದಲ್ಲಿ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಹಿಡಿದು ಒಬ್ಬಳೇ ಇದ್ದಳು. ಹಿಂದಿನ ಎರಡು ತಾರೀಖಿಗೂ ಅವಳು ಕೋರ್ಟು ಮುಟ್ಟಲಿಲ್ಲ. ಬೆಳಗಿನ ಬಸ್ಸು ಇಳಿಯುವಾಗಲೇ ಮೈದುನ ಕಾರಿನಲ್ಲಿ ಕೂರಿಸಿಕೊಂಡು, ಹೊತ್ತು ಮುಳುಗುವವರೆಗೆ ರಸ್ತೆ ರಸ್ತೆ ತಿರುಗಿಸಿ ಬಿಟ್ಟಿದ್ದ. ಬುಧವಾರ ಮೂರನೆಯ ತಾರೀಖು. ಈ ಸಲವೂ ಹೇಳಿಕೆ ಕೊಡದಿದ್ದರೆ ಕೇಸು ನಿಲ್ಲುವುದು ಕಷ್ಟ ಎಂದು ವಕೀಲರು ಹೇಳಿದ್ದರು. ಅದಕ್ಕೇ ಅವಳು ಎರಡು ದಿನ ಮೊದಲೇ ಬಂದು, ಯಾರಿಗೂ ಗೊತ್ತಿಲ್ಲದ ಮನೆಯಲ್ಲಿ ಬಾಗಿಲು ಹಾಕಿಕೊಂಡಿದ್ದಳು. ಕಾರ್ಡಿನ ಮೇಲಿದ್ದ ವಿಳಾಸ ಅವಳು ಬಿಟ್ಟು ಬಂದ ಮನೆಯದೇ ಆಗಿತ್ತು, ಬದಲಾಯಿಸಲು ಬೇರೆ ಮನೆಯ ಕಾಗದ ಅವಳಲ್ಲಿರಲಿಲ್ಲ.

ಮಂಗಳವಾರ ಇಡೀ ದಿನ ನನಗೆ ಒಂದೇ ಕಡೆ ಕೂರಲಾಗಲಿಲ್ಲ. ತಂಗಿ ಫೋನು ಎತ್ತಲಿಲ್ಲ. ಮಧ್ಯಾಹ್ನ ಕಾಕುವಿಗೆ ಮಜ್ಜಿಗೆ ಕೊಡಲು ಹೋದೆ. ಹುಡುಗಿ ಜೋಳದ ಹಿಟ್ಟು ಸಾಣಿಸುತ್ತಿದ್ದಳು, ಎಡಗೈಯನ್ನು ಓಢಣಿಯಲ್ಲಿ ಸುತ್ತಿಕೊಂಡಿದ್ದಳು. "ನಾಳೆ ಹನ್ನೊಂದಕ್ಕ ಈಕಿ ಕೋರ್ಟಿನಾಗ ನಿಂತು ಹೇಳೋದದ" ಎಂದರು ಕಾಕು. "ಅಲ್ಲೀತನ ಈ ಮನಿ ಬಾಗಲ ನಾ ಕಾಯ್ತೀನಿ." ಹೇಳಿಬಿಡೋಣ ಎಂದು ಬಾಯಿ ತೆರೆದೆ. ಬೈಯುತ್ತಾರೆ ಎಂಬ ಭಯಕ್ಕೆ ಮುಚ್ಚಿಕೊಂಡೆ. ಏನೂ ಆಗಲಿಕ್ಕಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡು ಮನೆಗೆ ಬಂದೆ. ಆ ಒಂದು ದಿನ ನನ್ನ ಕೈಯಲ್ಲಿತ್ತು, ಅದನ್ನು ನಾನು ಕಳೆದೆ.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಕಾರು ಬಂತು. ಇಬ್ಬರು ಇಳಿದರು. ಒಬ್ಬ ಮೈದುನ, ಇನ್ನೊಬ್ಬ ಬಿಳಿ ಟೊಪ್ಪಿಗೆಯ ವಯಸ್ಸಾದವನು, ಅವನ ಚಿಕ್ಕಪ್ಪ. ಹಾಲು ಕೊಡಲು ಹೋದ ನಾನು ಕಾಕುವಿನ ಪಕ್ಕದಲ್ಲೇ ನಿಂತಿದ್ದೆ. ಹುಡುಗಿ ಮೇಲೆ ತಯಾರಾಗುತ್ತಿದ್ದಳು.

"ನಮ್ಮ ಸೊಸಿ ಇಲ್ಲಿ ಅದಾಳ. ಕರೀರಿ" ಎಂದ ಮೈದುನ.

"ಯಾರು ಹೇಳಿದ್ರು?" ಎಂದರು ಕಾಕು.

ಅವನು ಫೋನು ಮುಂದೆ ಹಿಡಿದ. "ನೋಡ್ರಿ, ನಿಮ್ಮ ಕಡಿಂದೇ ಬಂದದ." ಆಧಾರ್ ಕಾರ್ಡಿನ ಫೋಟೋ. ಮೂಲೆಯಲ್ಲಿ ನಮ್ಮ ಅಂಗಡಿಯ ಹಸಿರು ಗಜಕೋಲು ಕಾಣುತ್ತಿತ್ತು. ಝೆರಾಕ್ಸನ್ನು ಕಾಕುವಿಗೆ ಕಳಿಸುವ ಮೊದಲು ಗಲ್ಲಾದ ಮೇಲಿಟ್ಟು ತೆಗೆದಿದ್ದ ಇನ್ನೊಂದು ಫೋಟೋವನ್ನೂ ತಂಗಿಗೆ ಕಳಿಸುವಾಗ ಸೇರಿಸಿದ್ದೆ, ವಿಳಾಸ ಚೆನ್ನಾಗಿ ಕಾಣಲಿ ಎಂದು.

ಕಾಕು ಆ ಗಜಕೋಲನ್ನು ನೋಡಿದರು. ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಟ್ರಕ್ ಹೋದಾಗ ಗೋಡೆ ಮುಟ್ಟಿ ನಿಲ್ಲುತ್ತಿದ್ದರಲ್ಲ, ಹಾಗೆ ಇದ್ದರು.

"ಕುಂದರ್ರಿ" ಎಂದರು ಅವರಿಗೆ. "ರಜಿಸ್ಟರ್ ತರ್ತೀನಿ. ತಂಗಿ, ಒಳಗ ಬಾ, ಚಹಾ ಇಡು."

ಒಳಗೆ ಬಂದವರೇ ನನ್ನ ತೋಳು ಹಿಡಿದು, ಕಿವಿಯಲ್ಲಿ, "ಹಿಂದಿನ ಮೆಟ್ಟಲಾ ಹತ್ತು. ನಿನ್ನ ಮಾಳಗಿ ಮ್ಯಾಲಿಂದ ಆಕಿನ್ನ ದಾಟಿಸು. ಕೋರ್ಟಿನ ಒಳಗ ಹೋಗೋತನ ಆಕಿ ಕೈ ಬಿಡಬ್ಯಾಡ" ಎಂದರು.

ನಾನು ಹತ್ತಿದೆ. ಹುಡುಗಿ ಕಿಟಕಿಯಿಂದ ಕಾರು ಕಂಡಿದ್ದಳು. ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು, ಕಾಗದಗಳ ಚೀಲ ಎದೆಗೆ ಅವಚಿಕೊಂಡಿದ್ದಳು. ನಮ್ಮ ಎರಡೂ ಮಾಳಿಗೆಗಳ ನಡುವೆ ಎದೆಮಟ್ಟದ ಗೋಡೆ. ನಾನು ಸೀರೆ ಸಿಕ್ಕಿಸಿಕೊಂಡು ಹತ್ತಿ ದಾಟಿದೆ. ಅವಳಿಗೆ ಎಡಗೈ ಊರಲು ಬರುತ್ತಿರಲಿಲ್ಲ. ಕೆಳಗಿನಿಂದ ಮೈದುನನ ದನಿ ಏರುವುದು ಕೇಳುತ್ತಿತ್ತು. ಅವಳ ಬಲಗೈಯನ್ನೂ ಸೊಂಟವನ್ನೂ ಹಿಡಿದು ಜಗ್ಗಿದೆ. ಅವಳು ಮೊಣಕಾಲು ಕೆತ್ತಿಕೊಂಡು ನನ್ನ ಮೇಲೆಯೇ ಬಿದ್ದಳು. ಎದ್ದು, ಮನೆಯೊಳಗಿಂದ ಅಂಗಡಿಗೆ ಇಳಿದೆವು. ನನ್ನ ಯಜಮಾನರು ಗಿರಾಕಿಗೆ ಸೀರೆ ಬಿಡಿಸುತ್ತಿದ್ದರು. "ಗಾಡಿ ಚಾವಿ" ಎಂದೆ. ನನ್ನ ಮುಖ ನೋಡಿ, ಯಾಕೆಂದು ಕೇಳದೆ ಕೊಟ್ಟರು.

ಸ್ಕೂಟರಿನಲ್ಲಿ ಕೋರ್ಟಿಗೆ ಏಳೆಂಟು ನಿಮಿಷದ ದಾರಿ. ಅವಳು ನನ್ನ ಬೆನ್ನಿಗೆ ಹಣೆ ಒತ್ತಿ ಕೂತಿದ್ದಳು. ಹಿಂದೆ ಹಾರ್ನ್ ಕೇಳಿದಾಗಲೆಲ್ಲ ಅವಳ ಕೈ ನನ್ನ ಹೊಟ್ಟೆಯ ಮೇಲೆ ಬಿಗಿಯಾಗುತ್ತಿತ್ತು. ಗೇಟಿನಲ್ಲಿ ವಕೀಲರು ನಿಂತಿದ್ದರು. ಅವಳು ಒಳಗೆ ಹೋಗುವವರೆಗೆ ಕೈ ಬಿಡಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಕುಳಿತು ಮಧ್ಯಾಹ್ನದವರೆಗೆ ರಸ್ತೆಯನ್ನೇ ನೋಡಿದೆ. ಆ ಕಾರು ಬರಲಿಲ್ಲ.

ಯಾಕೆ ಬರಲಿಲ್ಲ ಎಂಬುದನ್ನು ಎದುರು ಮನೆಯವರು ಆಮೇಲೆ ಹೇಳಿದರು. ಕಾಕು ರಜಿಸ್ಟರ್, ಎರಡು ಲಕೋಟೆ, ಅಂಟಿನ ಬಟ್ಟಲು ತಂದು ಮುಂದಿಟ್ಟರಂತೆ. ನನ್ನ ಮೆಟ್ಟಿಲು ಹತ್ತುವವರು ಮೊದಲು ಹೆಸರು ಬರೆದು ಕಾಗದ ಕೊಡಬೇಕು, ಇದು ಎಲ್ಲರಿಗೂ ಒಂದೇ ಎಂದರಂತೆ. ಮುದುಕ ಜೇಬಿನಿಂದ ಕಾರ್ಡು ತೆಗೆದು ನಿಧಾನವಾಗಿ ಬರೆಯತೊಡಗಿದ. ಮೈದುನ, "ನಾ ಯಾಕ ಕೊಡ್ಲಿ ನನ್ನ ಕಾಗದ?" ಎಂದು ಕೂಗಾಡಿದ.

"ಆಕೀದು ನಿಮ್ಮ ಫೋನಿನಾಗ ಅದ" ಎಂದರು ಕಾಕು. "ನಿಮ್ಮದು ನನ್ನ ಡಬ್ಬ್ಯಾಗ ಇರಲಿ. ಹನ್ನೆರಡಕ್ಕ ಹವಾಲ್ದಾರ ಚಹಾಕ್ಕ ಬರ್ತಾರ, ರಜಿಸ್ಟರ್ ನೋಡ್ತಾರ."

ಮುದುಕನ ಪೆನ್ನು ಅಲ್ಲಿಗೇ ನಿಂತಿತು. ಆದರೆ ಹೆಸರು, ಊರು, ಬಂದ ಕಾರಣ ಅಷ್ಟೂ ಅವನದೇ ಅಕ್ಷರದಲ್ಲಿ ಇಳಿದಾಗಿತ್ತು. ಮೈದುನ ಮೇಲೆ ಓಡಿದ, ಖಾಲಿ ಕೋಣೆ ಕಂಡು ಇಳಿದು ಬಂದು ಡಬ್ಬಿಯನ್ನು ಒದ್ದ. ಇನ್ನೊಂದು ಕೋಣೆಯಲ್ಲಿ ಇಳಿದಿದ್ದ ಮದುವೆಯ ಮಂದಿಯದೂ ಸೇರಿ ಲಕೋಟೆಗಳು ಅಂಗಳದ ತುಂಬ ಬಿದ್ದವು. ಅವನು ರಜಿಸ್ಟರಿಗೆ ಕೈ ಹಾಕಿದಾಗ ಕಾಕು ಅದರ ಮೇಲೆ ಕುಳಿತುಬಿಟ್ಟರಂತೆ. ಅಷ್ಟರಲ್ಲಿ ಗಲ್ಲಿಯವರು ಬಾಗಿಲಿಗೆ ಬಂದಿದ್ದರು. "ಕೋರ್ಟ್ ಕಡಿ ಹೋಗೂದು ಬ್ಯಾಡ, ನನ್ನ ಹೆಸರು ಅದರಾಗ ಕುಂತದ" ಎಂದು ಮುದುಕ ಅವನನ್ನು ಎಳೆದುಕೊಂಡು ಹೋದ.

ನಾನು ಮರಳಿದಾಗ ಕಾಕು ನೆಲದ ಮೇಲೆ ಕುಳಿತು ಒಂದೊಂದೇ ಲಕೋಟೆಯ ಧೂಳು ಒರೆಸಿ, ಸಹಿ ನೋಡಿ, ಡಬ್ಬಿಗೆ ಹಾಕುತ್ತಿದ್ದರು.

"ಹೇಳಿದಳಾ?"

"ಹೇಳಿದಳು. ಎಲ್ಲಾ ಹೇಳಿದಳು."

ಅವರು ಕಣ್ಣು ಮುಚ್ಚಿ ತೆರೆದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಬೈಯ್ರಿ ಕಾಕು ಎಂದು ಬಾಯಿಬಿಟ್ಟೇ ಕೇಳಿದೆ. ಅವರು ನನ್ನ ಫೋನು ಇಸಿದುಕೊಂಡು, ಫೋಟೋ ಅಳಿಸುವುದು ಎಲ್ಲಿ ಎಂದು ಕೇಳಿ, ತಾವೇ ಬೆರಳಿಟ್ಟು ಅಳಿಸಿದರು. ಆಮೇಲೆ ಒಂದು ಖಾಲಿ ಲಕೋಟೆ ನನ್ನ ಮುಂದೆ ಇಟ್ಟರು.

"ನಿಂದು ತಾ."

"ನಂದು ಏನ್ರಿ?"

"ಆಧಾರ. ಹಾಕು, ಅಂಟು ಹಚ್ಚು, ಸಹಿ ಮಾಡು."

ಮಾಡಿದೆ. ಹಸಿ ಅಂಟಿನ ಮೇಲೆ ಸಹಿ ಸೊಟ್ಟಗಾಯಿತು. "ಎಷ್ಟು ದಿನ?" ಎಂದು ಕೇಳಿದೆ.

"ನೀ ಆಕಿಗಿ ಹೇಳು, ಫೋಟೋ ನಾನೇ ಕಳಿಸಿದೆ ಅಂತ. ಆಕಿ ಈ ಲಕೋಟಿ ಹರದ ದಿನ ಮುಗೀತು."

ನನಗೆ ಅವಮಾನವಾಯಿತು. ಸಿಟ್ಟೂ ಬಂತು. ಇಪ್ಪತ್ತು ವರ್ಷದ ನೆರೆಯವಳ ಕಾಗದ ಹೊರಗಿನವರ ಕಾಗದದ ಜೊತೆ ಡಬ್ಬಿಯಲ್ಲಿ. ಮೊದಲ ವಾರ ನಿದ್ದೆಯಲ್ಲೂ ಅದೇ ನೆನಪು. ಕಾಕು ತೆರೆದು ನೋಡುವುದಿಲ್ಲ ಎಂದು ಗೊತ್ತಿತ್ತು, ಆದರೂ ನನ್ನದೊಂದು ಬೇರೆಯವರ ಕೈಯಲ್ಲಿದೆ ಎಂಬುದು ಹಲ್ಲಿನಲ್ಲಿ ಸಿಕ್ಕಿಕೊಂಡ ನಾರಿನಷ್ಟು ಕಾಡುತ್ತಿತ್ತು. ಆ ತಿಂಗಳೇ ಕಾಕು ಹೊಸ ಫೋನು ಕೊಂಡು, ಕೋಣೆಯ ನಂಬರನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಕನ್ನಡಕ ಮೂಗಿನ ತುದಿಗೆ ಇಳಿಸಿ, ಬಂದ ಫೋಟೋವನ್ನು ಹೆಬ್ಬೆಟ್ಟು ಒತ್ತಿದ ಹಾಗೆ ಗಟ್ಟಿಯಾಗಿ ಒತ್ತಿ ಅಳಿಸುತ್ತಿದ್ದರು.

ಹುಡುಗಿ ಮುಂದಿನ ತಾರೀಖುಗಳಿಗೂ ಬಂದು ಕಾಕುವಿನ ಮನೆಯಲ್ಲೇ ಇಳಿಯುತ್ತಿದ್ದಳು. ನನಗೆ ಪ್ರತಿ ಸಲ ಏನಾದರೂ ತರುತ್ತಿದ್ದಳು, ಒಂದು ಕುಪ್ಪಸದ ಕಣ, ಒಂದು ಪೊಟ್ಟಣ ಪೇರಲ. "ಅಕ್ಕಾ, ಅವತ್ತು ನೀವು ಕೈ ಹಿಡೀಲಿಲ್ಲಂದ್ರ ನಾ ಇರ್ತಿದ್ದಿಲ್ಲ" ಎನ್ನುತ್ತಿದ್ದಳು. ಹೇಳಬೇಕೆಂದು ಕೂರುತ್ತಿದ್ದೆ, ಆ ಮಾತು ಕೇಳಿ ಚಹಾ ಇಡಲು ಎದ್ದುಹೋಗುತ್ತಿದ್ದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ತಾನು ಎರಡು ದಿನ ಮೊದಲೇ ಉಮರ್ಗಾಕ್ಕೆ ಬರುವುದು ಸೋದರಮಾವನಿಗೆ ಮಾತ್ರ ಗೊತ್ತಿತ್ತು, ಅವನೇ ಹುಡುಕಿ ಹಿಡಿದುಕೊಟ್ಟ ಎಂದು ಅವಳು ನಂಬಿದ್ದಳು. ಅವನ ನಂಬರನ್ನು ಫೋನಿನಲ್ಲಿ ತಡೆದಿಟ್ಟಿದ್ದಳು. ಅವನ ಮಗಳ ಮದುವೆ ಇದೇ ಊರಿನಲ್ಲಿ ನಡೆದಾಗಲೂ ಹೋಗಲಿಲ್ಲ. ಅವನು ನಮ್ಮ ಅಂಗಡಿಗೇ ಮದುವೆಯ ಜವಳಿಗೆ ಬಂದಿದ್ದ. "ನಮ್ಮ ಅಕ್ಕನ ಮಗಳಿಗಿ ಅಂತ ಒಂದು ತಗದೀನ್ರಿ, ತಗೋತಾಳೋ ಇಲ್ಲೋ" ಎಂದು ಒಂದು ಸೀರೆಯನ್ನು ಬೇರೆ ಕಟ್ಟಿಸಿಕೊಂಡು ಹೋದ. ನಾನು ಕಟ್ಟಿಕೊಟ್ಟೆ.

ಅದನ್ನು ಕಾಕುವಿಗೆ ಹೇಳಿದ ದಿನ ಅವರು ಒಂದೇ ಮಾತು ಅಂದರು. "ನೀ ಮಾಡಿದ್ದು ಅಂವಾ ಹೊತಗೊಂಡು ತಿರಗ್ಲಿಕತ್ಯಾನ, ತಂಗಿ." ನೀವೇ ಹೇಳಿಬಿಡಿ ಎಂದು ಅವರ ಕಾಲು ಹಿಡಿಯುವಷ್ಟು ಮಾಡಿದೆ. "ನಂದಲ್ಲ ಅದು. ನಾ ತೆರಿಯಂಗಿಲ್ಲ" ಎಂದರು.

ಹೀಗೆ ಮೂರು ವರ್ಷ ಹೋದವು. ಕೇಸು ಅವಳ ಕಡೆ ಆಯಿತು. ಕಾಕು ಒಂದು ಮಧ್ಯಾಹ್ನ ಹೊಸ್ತಿಲಲ್ಲಿ ಲಕೋಟೆ ಅಂಟಿಸುತ್ತ ಕುಳಿತಿದ್ದವರು ಹಾಗೇ ಗೋಡೆಗೆ ಒರಗಿದರು. ನಾನು ನೋಡಿದಾಗ ಅಂಗೈ ಗೋಡೆಯ ಮೇಲಿತ್ತು, ಟ್ರಕ್ ಹೋಗಿರಬೇಕು ಎಂದುಕೊಂಡೆ.

ಮೂರನೆಯ ದಿನಕ್ಕೆ ಹುಡುಗಿ ನಿಲಂಗಾದಿಂದ ಬಂದಳು. ಕಾಕುವಿನ ಅಣ್ಣನ ಮಗ ಡಬ್ಬಿ ತಂದು ನಮ್ಮಿಬ್ಬರ ಮುಂದಿಟ್ಟು, ಇದನ್ನೆಲ್ಲ ಸುಟ್ಟುಬಿಡಲೇ ಎಂದ. ಮೇಲೆ ಯಾರೂ ಇಳಿದಿರಲಿಲ್ಲ, ಡಬ್ಬಿಯಲ್ಲಿ ಒಂದೇ ಲಕೋಟೆ ಇತ್ತು. ಹುಡುಗಿ ಎತ್ತಿಕೊಂಡು ಸಹಿ ಓದಿದಳು.

"ಇದು ನಿಮ್ಮದಲ್ಲಾ, ಅಕ್ಕಾ? ನೀವು ಇಲ್ಲಿ ಯಾವಾಗ ಇಳದಿದ್ರಿ?"

ಅಂಟು ಹಳದಿಯಾಗಿತ್ತು. ಸೊಟ್ಟ ಸಹಿ ಎಲ್ಲೂ ಮುರಿದಿರಲಿಲ್ಲ. ಸುಮ್ಮನೆ ಯಾವುದೋ ಒಂದು ಸುಳ್ಳು ಹೇಳಿ ಇಸಿದುಕೊಂಡಿದ್ದರೆ ಮುಗಿದೇ ಹೋಗುತ್ತಿತ್ತು, ಲಕೋಟೆಯ ಕಾರಣ ಗೊತ್ತಿದ್ದವರು ಇನ್ನು ಯಾರೂ ಇರಲಿಲ್ಲ. ಅಂಥ ಸುಳ್ಳು ನಾಲಿಗೆಯ ತುದಿಯವರೆಗೂ ಬಂದಿತ್ತು.

"ಆ ಫೋಟೋ ಉದಗೀರಕ್ಕ ನಾನೇ ಕಳಿಸಿದೆ" ಎಂದೆ. "ನಿಮ್ಮ ಮಾಮಾ ಅಲ್ಲ. ನಾನು."

ಅವಳು ನನ್ನನ್ನೇ ನೋಡಿದಳು. "ಯಾಕ?"

"ಊರು ನೋಡಿದೆ. ನಮ್ಮ ತಂಗಿ ಗಲ್ಲಿ ಅಂತ ಖುಷಿ ಆಯ್ತು. ಯಾರ ಪೈಕಿ ಅಂತ ಕೇಳ್ಲಿಕ್ಕ ಕಳಿಸಿದೆ. ಮತ್ತೇನೂ ಇಲ್ಲ." ಮಂಗಳವಾರ ಇಡೀ ದಿನ ಹೇಳದೆ ಕುಳಿತದ್ದನ್ನೂ ಹೇಳಿದೆ. ಲಕೋಟೆ ಡಬ್ಬಿಗೆ ಹೇಗೆ ಬಂತೆಂದೂ ಹೇಳಿದೆ. "ನೀವು ಹರದ್ರ ಹರೀತದ ಅಂದಿದ್ರು."

ಅವಳು ಎಡಗೈಯ ಮಣಿಕಟ್ಟನ್ನು ಬಲಗೈಯಿಂದ ಹಿಡಿದುಕೊಂಡಳು. ಆಮೇಲೆ ಲಕೋಟೆಯನ್ನು ತನ್ನ ಚೀಲದ ಒಳಖಾನೆಗೆ ಹಾಕಿ ಚೈನು ಎಳೆದಳು.

"ಹರಿಯಂಗಿಲ್ಲ, ಅಕ್ಕಾ. ನನ್ನ ಹತ್ರ ಇರಲಿ."

"ಇರಲಿ" ಎಂದೆ.

ಅವಳು ಫೋನು ತೆಗೆದು ಏನೋ ಹುಡುಕುತ್ತ ಅಂಗಳಕ್ಕೆ ಇಳಿದಳು. ನಾನು ಖಾಲಿ ಡಬ್ಬಿಯ ಮುಚ್ಚಳ ಹಿಡಿದು ಕುಳಿತಿದ್ದೆ. ಗೋಡೆಯ ಆಚೆಯಿಂದ ಅವಳ ದನಿ ಕೇಳಿತು. "ಮಾಮಾ, ನಾನ್ರೀ," ಎಂದಳು.